ಹರೆಯದ ಗುಳ್ಳೆಗೆ 12 ವಾರ

ಗದಗ ಪೇಟೆಯಿಂದ ಸುಮಾರು 12 ಕಿಲೋಮೀಟರ್ ದೂರದ ಹರ್ತಿ, ಬಸವಣ್ಣನ ಗುಡಿ ಮತ್ತು ಜಾತ್ರೆಯಿಂದ ಹೆಸರಾದ ಊರು. ಅಲ್ಲಿ, ಇಲ್ಲವೇ ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿಯ ಯಾವುದೇ ಓಣಿಯಲ್ಲಿ, ಹತ್ತನೇ ತರಗತಿ ಓದುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಹಣೆಯ ತುಂಬ ಸಣ್ಣ ಬಿಳಿ ಗುಳ್ಳೆ, ಮೂಗಿನ ಇಕ್ಕೆಲದಲ್ಲಿ ಕಪ್ಪು ಚುಕ್ಕಿ, ಗಲ್ಲದ ಮೇಲೆ ಮುಟ್ಟಿದರೆ ನೋಯುವ ನಾಲ್ಕಾರು ಕೆಂಪು ಮೊಡವೆ. "ಹರೇದ ಗುಳ್ಳಿ ಅವು, ತಾವ ಹೊಕ್ಕಾವ ಬಿಡು" ಎನ್ನುತ್ತಾಳೆ ಅಜ್ಜಿ. "ಮಿರ್ಚಿ ತಿನ್ನೂದು ಬಿಡಂದ್ರ ಬಿಡವಲ್ಲಿ, ಮೈಯಾಗ ಉಷ್ಣ ಆಗೇತಿ" ಎಂದು ಅವ್ವನ ತಕರಾರು. ರಾತ್ರಿ ಟೂತ್‌ಪೇಸ್ಟ್ ಹಚ್ಚಿ ಮಲಗು ಎಂದು ಗೆಳೆಯನ ಸಲಹೆ. ಹುಡುಗ ಯಾರ ಮಾತನ್ನೂ ಪೂರಾ ನಂಬದೆ ಗದಗಿನ ಬಸ್ಸು ಹತ್ತಿ ಮೆಡಿಕಲ್ ಅಂಗಡಿಯ ಮುಂದೆ ನಿಲ್ಲುತ್ತಾನೆ: "ಅಣ್ಣಾರ, ಗುಳ್ಳಿ ಲಗೂನ ಹೋಗೂವಂಥಾದ್ದು ಒಂದ್ ಟ್ಯೂಬ್ ಕೊಡ್ರಿ."

ಮೊಡವೆಗೆ ಒಳ್ಳೆಯ ಔಷಧಗಳಿವೆ. ಅವು ಹೊಸವಲ್ಲ, ಬಹಳ ದುಬಾರಿಯೂ ಅಲ್ಲ. ಆದರೆ ಅವುಗಳಲ್ಲಿ ಯಾವುದೂ ಹತ್ತಿರ ಬಂದ ಜಾತ್ರೆಯೊಳಗೆ ಮುಖ ತಿಳಿ ಮಾಡುವುದಿಲ್ಲ. ಅಷ್ಟು ಬೇಗ ತಿಳಿ ಮಾಡುವ ಟ್ಯೂಬು ಸಿಕ್ಕಿತೆಂದರೆ ಅದರೊಳಗೆ ಏನಿದೆ ಎಂದು ಅನುಮಾನ ಪಡಬೇಕು.

ಹೀಗೆ ಕೇಳಿದಾಗ ಕೈಗೆ ಬರುವುದು ಎಷ್ಟೋ ಸಲ ಮೂರು ಔಷಧ ಕಲಸಿದ ಮುಲಾಮು. ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಹುಳುಕಡ್ಡಿ ತರುವ ಶಿಲೀಂಧ್ರಕ್ಕೆ, ಮೂರನೆಯದು ಸ್ಟೀರಾಯ್ಡ್. ಕೆಲಸ ಮಾಡಿದಂತೆ ಕಾಣುವುದು ಈ ಮೂರನೆಯದೇ. ಸ್ಟೀರಾಯ್ಡ್ ಊತ ತಗ್ಗಿಸುತ್ತದೆ, ಕೆಂಪು ಇಳಿಸುತ್ತದೆ, ಬಣ್ಣವನ್ನೂ ಒಂದಿಷ್ಟು ತಿಳಿ ಮಾಡುತ್ತದೆ. ಮೂರು ನಾಲ್ಕು ದಿನದಲ್ಲಿ ಕನ್ನಡಿಯೊಳಗಿನ ಮುಖ ನೋಡಿ ಹುಡುಗ ಹಿಗ್ಗುತ್ತಾನೆ, ಅದೇ ಟ್ಯೂಬನ್ನು ಗೆಳೆಯರಿಗೂ ಹೇಳುತ್ತಾನೆ. ವಾರಗಳು, ತಿಂಗಳುಗಳು ಉರುಳಿದಂತೆ ಚರ್ಮ ತೆಳ್ಳಗಾಗುತ್ತದೆ. ಗಲ್ಲದ ಮೇಲೆ ಕೂದಲೆಳೆಯಂಥ ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ. ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಹುಡುಗಿಯರಿಗೆ ಗಲ್ಲದ ಮೇಲೆ ನವಿರು ಕೂದಲು ಮೂಡುತ್ತದೆ. ಜೊತೆಗೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಅಂದರೆ ಮೊಡವೆಗೆ ಹಚ್ಚಿದ ಔಷಧವೇ ಮೊಡವೆ ಎಬ್ಬಿಸುತ್ತದೆ. ಹಚ್ಚುವುದನ್ನು ಬಿಟ್ಟರೆ ಮುಖ ಕೆಂಡದಂತೆ ಕೆಂಪಾಗುತ್ತದೆ, ಮತ್ತೆ ಹಚ್ಚಿದರೆ ತಗ್ಗುತ್ತದೆ. ಆ ಟ್ಯೂಬಿನಿಂದ ಬಿಡಿಸಿಕೊಳ್ಳಲು ಚರ್ಮದ ಡಾಕ್ಟರರ ನೆರವು ಬೇಕಾಗುತ್ತದೆ, ತಿಂಗಳುಗಳೂ ಬೇಕಾಗುತ್ತವೆ.

ಇದು ಅಲ್ಲೊಂದು ಇಲ್ಲೊಂದು ನಡೆಯುವ ಕತೆಯಲ್ಲ. ಮುಖದ ಚರ್ಮದ ತೊಂದರೆಗೆಂದು ದೇಶದ ಹಲವು ಕಡೆಯ ಆಸ್ಪತ್ರೆಗಳಿಗೆ ಬಂದ 2926 ಜನರನ್ನು ಚರ್ಮತಜ್ಞರು ವಿಚಾರಿಸಿ 2011ರಲ್ಲಿ ಒಂದು ವರದಿ ಪ್ರಕಟಿಸಿದರು. ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು, ಆ 433ರಲ್ಲಿ ಶೇಕಡಾ 90ರಷ್ಟು ಜನರಿಗೆ ಅದರಿಂದಲೇ ಹಾನಿಯಾಗಿತ್ತು. ಎಲ್ಲಕ್ಕಿಂತ ಹೆಚ್ಚು ಕಂಡ ಹಾನಿ ಮೊಡವೆ ಏಳುವುದು, ಇದ್ದ ಮೊಡವೆ ಉಲ್ಬಣಿಸುವುದು. ಚರ್ಮತಜ್ಞರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಡಾಕ್ಟರರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಕಾಗದದ ಮೇಲೆ ಹಾಗಿದೆ. ಊರ ಅಂಗಡಿಗಳಲ್ಲಿ ಚೀಟಿ ಕೇಳುವವರು ಎಷ್ಟು ಜನ ಎಂಬುದು ಓದುಗರಿಗೇ ಗೊತ್ತಿದ್ದೀತು. ಆದ್ದರಿಂದ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದುವ ರೂಢಿ ಮನೆಯಲ್ಲೇ ಆಗಬೇಕು. ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುಯೊಸಿನೋಲೋನ್ ಇವೆಲ್ಲ ಸ್ಟೀರಾಯ್ಡ್‌ಗಳು. ಈ ಹೆಸರುಗಳಲ್ಲಿ ಒಂದಿದ್ದರೂ ಅದು ಮೊಡವೆಯ ಔಷಧವಲ್ಲ. ಶಾಲೆಗೆ ಹೋಗುವ ಯಾವ ಹುಡುಗನೂ ಇದನ್ನು ಓದಬಲ್ಲ. ಓದಬೇಕು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಹಾಗಾದರೆ ಮೊಡವೆ ಏಳುವುದೇಕೆ? ಚರ್ಮದ ಪ್ರತಿ ರೋಮದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇರುತ್ತದೆ. ಹರೆಯ ಬಂದಾಗ ಮೈಯಲ್ಲಿ ಏರುವ ಆಂಡ್ರೊಜನ್ ಎಂಬ ಹಾರ್ಮೋನುಗಳು ಈ ಗ್ರಂಥಿಗಳನ್ನು ದೊಡ್ಡದು ಮಾಡುತ್ತವೆ, ಎಣ್ಣೆ ಹೆಚ್ಚು ಒಸರುತ್ತದೆ. ಹುಡುಗಿಯರ ಮೈಯಲ್ಲೂ ಈ ಹಾರ್ಮೋನು ಇರುತ್ತದೆ, ಪ್ರಮಾಣ ಕಡಿಮೆ. ಅದೇ ಹೊತ್ತಿಗೆ ರೋಮರಂಧ್ರದ ಬಾಯಲ್ಲಿ ಸತ್ತ ಚರ್ಮದ ಕಣಗಳು ಉದುರದೆ ಒಂದಕ್ಕೊಂದು ಅಂಟಿಕೊಂಡು ಬಿರಡೆ ಕಟ್ಟುತ್ತವೆ. ಬಾಯಿ ಮುಚ್ಚಿದ್ದರೆ ಬಿಳಿ ಗುಳ್ಳೆ, ತೆರೆದಿದ್ದರೆ ಕಪ್ಪು ಚುಕ್ಕಿ. ಆ ಕಪ್ಪು ಕೊಳೆಯಲ್ಲ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಗಾಳಿಗೆ ತೆರೆದುಕೊಂಡು ಹಾಗೆ ಕಾಣುತ್ತದೆ, ಎಷ್ಟು ತಿಕ್ಕಿ ತೊಳೆದರೂ ಹೋಗದು. ಒಳಗೆ ಸಿಕ್ಕಿಬಿದ್ದ ಎಣ್ಣೆಯಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎಲ್ಲರ ಚರ್ಮದ ಮೇಲೂ ಸದಾ ಇರುವ ಜೀವಿ ಅದು. ಅದರ ವಿರುದ್ಧ ಮೈ ಹೂಡುವ ಹೋರಾಟವೇ ಕೆಂಪು, ಊತ, ಕೀವು. ಮೊಡವೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂದು ಕಣ್ಣಿಗೆ ಕಾಣುವ ಮೊಡವೆಯ ಬಿರಡೆ ಕಟ್ಟತೊಡಗಿ ವಾರಗಳೇ ಆಗಿರುತ್ತವೆ. ಕಣ್ಣಿಗೆ ಕಾಣದ ಅಂಥ ಎಷ್ಟೋ ಬಿರಡೆಗಳು ಚರ್ಮದೊಳಗೆ ಸರದಿ ಕಾಯುತ್ತಿರುತ್ತವೆ. ಔಷಧ ಮುಂದಿನ ಬಿರಡೆ ಕಟ್ಟದಂತೆ ತಡೆಯಬಹುದು, ಆಗಲೇ ಕಟ್ಟಿದ್ದು ಹೊರಗೆ ಬಂದೇ ಬರುತ್ತದೆ. ಡಾಕ್ಟರರು 8ರಿಂದ 12 ವಾರ ಕಾಯಲು ಹೇಳುವುದು ಈ ಲೆಕ್ಕದ ಮೇಲೆ. ಎಷ್ಟೋ ಮಕ್ಕಳು 15 ದಿನಕ್ಕೆ ಬೇಸತ್ತು ಔಷಧ ಬದಲಿಸುತ್ತಾರೆ, ಇನ್ನು 15 ದಿನಕ್ಕೆ ಮತ್ತೊಂದು. ವರ್ಷ ಕಳೆದರೂ ಒಂದೇ ಒಂದು ಔಷಧಕ್ಕೂ ಕೆಲಸ ಮಾಡಲು ಸಮಯ ಸಿಕ್ಕಿರುವುದಿಲ್ಲ. "ಎಲ್ಲಾ ಮಾಡಿ ನೋಡೀವಿ, ಯಾವ್ದೂ ಹತ್ತಲಿಲ್ಲ" ಎನ್ನುವ ಮನೆಗಳ ಚೀಲ ತೆರೆದು ನೋಡಿದರೆ ಅರ್ಧಕ್ಕೆ ಬಿಟ್ಟ ಟ್ಯೂಬುಗಳೇ ಹೆಚ್ಚು.

ಹಚ್ಚುವ ಔಷಧಗಳಲ್ಲಿ ಎರಡು ಮುಖ್ಯ. ಮೊದಲನೆಯದು ಬೆಂಜಾಯಿಲ್ ಪೆರಾಕ್ಸೈಡ್. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದಕ್ಕೆ ಜಾಗವಿದೆ. ಇದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಬಿರಡೆಯನ್ನೂ ಒಂದಿಷ್ಟು ಸಡಿಲಿಸುತ್ತದೆ. ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಂಡು ಮೊಂಡಾಗುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಹೆಚ್ಚು ಶಕ್ತಿಯದು ತಂದರೆ ಬೇಗ ಗುಣವಾದೀತೆಂದು ಶೇಕಡಾ 10ರ ಟ್ಯೂಬು ಹುಡುಕುವವರಿದ್ದಾರೆ. ಶೇಕಡಾ 2.5, 5 ಮತ್ತು 10ರ ಜೆಲ್‌ಗಳನ್ನು ಹೋಲಿಸಿದ 1986ರ ಅಧ್ಯಯನದಲ್ಲಿ ಕೆಂಪು ಗುಳ್ಳೆಗಳನ್ನು ಇಳಿಸುವುದರಲ್ಲಿ ಮೂರೂ ಹೆಚ್ಚುಕಡಿಮೆ ಸಮ, ಸಿಪ್ಪೆ ಏಳುವುದು, ಉರಿ ಮಾತ್ರ 10ರಲ್ಲಿ ಹೆಚ್ಚು. ಕಡಿಮೆ ಶಕ್ತಿಯದೇ ಸಾಕು. ಇದರ ಒಂದು ಚೇಷ್ಟೆ ಮೊದಲೇ ತಿಳಿದಿರಬೇಕು: ತಾಗಿದ ಬಟ್ಟೆಯ ಬಣ್ಣ ತೆಗೆಯುತ್ತದೆ. ಜೆಲ್ ಹಚ್ಚಿದ ಮುಖವನ್ನು ಅವ್ವನ ಇಳಕಲ್ ಸೀರೆಯ ಕೆಂಪು ಸೆರಗಿಗೆ ಒರೆಸಿದರೆ ಸೆರಗಿನ ಮೇಲೆ ಬಿಳಚು ಕಲೆ ಉಳಿಯುತ್ತದೆ, ಆ ಮೇಲೆ ಮನೆಯಲ್ಲಿ ಮೊಡವೆಗಿಂತ ದೊಡ್ಡ ರಂಪ. ಬಿಳಿ ದಿಂಬಿನ ಚೀಲ, ಬಿಳಿ ಟವೆಲ್ ಇಟ್ಟುಕೊಂಡರೆ ಆಯಿತು. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ, ಕಾದ ತಗಡಿನ ಮಾಡಿನ ಕೆಳಗೆ ಈ ಟ್ಯೂಬ್ ಇಡಬಾರದು. ಕಾವಿಗೆ ಒಡೆದು ಬೆಂಜೀನ್ ಎಂಬ ಕೆಟ್ಟ ರಾಸಾಯನಿಕ ಹುಟ್ಟಬಹುದು. ಗದಗಿನ ಏಪ್ರಿಲ್ ಬಿಸಿಲಿಗೆ ಈ ಎಚ್ಚರಿಕೆ ಬೇಕು.

ಎರಡನೆಯದು ಎ ಜೀವಸತ್ವದ ಬಳಗಕ್ಕೆ ಸೇರಿದ ರೆಟಿನಾಯ್ಡ್‌ಗಳು. ಅಮೆರಿಕದ ಫಿಲಡೆಲ್ಫಿಯಾದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು 1969ರಲ್ಲಿ ಟ್ರೆಟಿನಾಯಿನ್ ಮೊಡವೆಗೆ ಹತ್ತುತ್ತದೆ ಎಂದು ತೋರಿಸಿದರು. ಇದೇ ಕ್ಲಿಗ್‌ಮನ್ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೈಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು. ಆ ಕತೆ ಹೊರಬಂದ ಮೇಲೆ ಅವರ ಹೆಸರಿಗೆ ಅಂಟಿದ ಕಳಂಕ ಹೋಗಿಲ್ಲ, ಹೋಗಲೂಬಾರದು. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರನ್ನೂ ಕಲಸಿ ಚರ್ಮದ ಬಣ್ಣ ತಿಳಿ ಮಾಡುವ ಸೂತ್ರವನ್ನು 1975ರಲ್ಲಿ ಕೊಟ್ಟವರೂ ಅವರೇ. ಬಂಗಿಗೆ, ಅಂದರೆ ಮುಖದ ಕಂದು ಕಲೆಗೆ, ಡಾಕ್ಟರರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಆ ಬಗೆಯ ಮುಲಾಮು ನಮ್ಮಲ್ಲಿ ಬೆಳ್ಳಗಾಗುವ ಕ್ರೀಮಾಗಿ ಕೈಯಿಂದ ಕೈಗೆ ದಾಟಿತು. ರೆಟಿನಾಯ್ಡ್‌ಗಳಲ್ಲಿ ಇವತ್ತು ಹೆಚ್ಚು ಬಳಕೆಯಲ್ಲಿರುವುದು ಅಡಾಪಲಿನ್. ಟ್ರೆಟಿನಾಯಿನ್‌ನಷ್ಟು ಉರಿಸುವುದಿಲ್ಲ, ಬೆಂಜಾಯಿಲ್ ಪೆರಾಕ್ಸೈಡ್ ಜೊತೆ ಸೇರಿದರೂ ಕೆಡುವುದಿಲ್ಲ. ಎರಡೂ ಸೇರಿದ ಜೆಲ್ ಸಿಗುತ್ತದೆ.

ಹಚ್ಚುವ ಕ್ರಮದಲ್ಲೇ ಬಹಳ ಜನ ತಪ್ಪುತ್ತಾರೆ. ಅಡಾಪಲಿನ್ ರಾತ್ರಿಯ ಔಷಧ. ಮುಖ ತೊಳೆದು, ತೇವ ಪೂರ್ತಿ ಆರಿದ ಮೇಲೆ ಒಂದು ಬಟಾಣಿ ಕಾಳಿನಷ್ಟು ಮಾತ್ರ ತೆಗೆದುಕೊಂಡು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಕಣ್ಣು, ತುಟಿ, ಮೂಗಿನ ಮೂಲೆ ಬಿಡಬೇಕು. ಗುಳ್ಳೆಯ ತಲೆಗಷ್ಟೇ ಬೊಟ್ಟಿಟ್ಟರೆ ಕಣ್ಣಿಗೆ ಕಾಣದ ಬಿರಡೆಗಳಿಗೆ ಔಷಧ ತಲುಪುವುದೇ ಇಲ್ಲ. ಮೊದಲ ಎರಡು ಮೂರು ವಾರ ಒಣಗುವುದು, ಸಿಪ್ಪೆ ಏಳುವುದು, ಕೆಲವರಿಗೆ ಗುಳ್ಳೆ ಹೆಚ್ಚಾದಂತೆ ಕಾಣುವುದೂ ಉಂಟು. ಅದಕ್ಕೇ ಆರಂಭದಲ್ಲಿ ದಿನ ಬಿಟ್ಟು ದಿನ ಹಚ್ಚಿ, ಮೇಲೆ ಎಣ್ಣೆಯಿಲ್ಲದ ಮಾಯಿಶ್ಚರೈಸರ್ ಸವರಿ, ಚರ್ಮ ಒಗ್ಗಿದ ಮೇಲೆ ದಿನವೂ ಹಚ್ಚುವುದು ಲೇಸು. ಹಗಲು ಬಿಸಿಲಿಗೆ ಹೋಗುವವರಿಗೆ ಸನ್‌ಸ್ಕ್ರೀನ್ ಬೇಕು, ಕ್ರಿಕೆಟ್ ಆಡುವ ಹುಡುಗನಿಗೆ ಟೋಪಿಯೂ ಬೇಕು. ಬಸುರಿಯರು, ಬಸುರಿಯಾಗುವ ಯೋಚನೆಯಲ್ಲಿರುವವರು ರೆಟಿನಾಯ್ಡ್ ಹಚ್ಚಬಾರದು.

ಮುಖ ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದರೆ ಸಾಕು. ಆರು ಸಲ ಸೋಪು ಹಚ್ಚಿ ತಿಕ್ಕಿದರೆ ಚರ್ಮ ಕೆರಳುತ್ತದೆ, ಆ ಮೇಲೆ ಯಾವ ಔಷಧವನ್ನೂ ತಡೆಯದು.

ಇನ್ನು ಮನೆಮದ್ದು. ಗದಗ ಸೀಮೆಯಲ್ಲಿ ಗಿಡಮೂಲಿಕೆಯ ಮಾತು ಬಂದರೆ ಕಪ್ಪತಗುಡ್ಡದ ಹೆಸರು ಬಂದೇ ಬರುತ್ತದೆ. ಗದಗಿನಿಂದ ಮುಂಡರಗಿ, ಶಿರಹಟ್ಟಿಯತ್ತ ಚಾಚಿದ ಆ ಗುಡ್ಡಸಾಲು 2019ರಲ್ಲಿ ವನ್ಯಧಾಮವೂ ಆಯಿತು. ಗಿಡದಿಂದ ಬಂದದ್ದೆಲ್ಲ ಮೊಡವೆಗೆ ನಿರುಪಯೋಗಿ ಎನ್ನುವಂತಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 124 ಜನರ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೀ ಟ್ರೀ ಎಂಬ ಮರದ ಎಲೆಯ ಶೇಕಡಾ 5ರ ಎಣ್ಣೆ ಬೆಂಜಾಯಿಲ್ ಪೆರಾಕ್ಸೈಡ್‌ನಂತೆಯೇ ಗುಳ್ಳೆ ಇಳಿಸಿತು, ನಿಧಾನವಾಗಿ, ಆದರೆ ಕಡಿಮೆ ಉರಿಯೊಂದಿಗೆ. ಬೇವು, ಅರಿಷಿಣ, ತೇಯ್ದ ಗಂಧ ಇವುಗಳನ್ನು ಅಷ್ಟು ಜನರ ಮೇಲೆ ಹಾಗೆ ಹೋಲಿಸಿ ನೋಡುವವರು ಬೇಕು. ಅಲ್ಲಿಯವರೆಗೆ ಗಂಧ ತಂಪೆನಿಸಿದರೆ ಹಚ್ಚಿಕೊಳ್ಳಲಿ, ಔಷಧದ ಜಾಗಕ್ಕೆ ಅದನ್ನು ಕೂರಿಸುವುದು ಬೇಡ. ಲಿಂಬೆಹಣ್ಣಿನ ರಸ ಮಾತ್ರ ಖಂಡಿತ ಬೇಡ. ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು, ಗುಳ್ಳೆಯೆದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಟೂತ್‌ಪೇಸ್ಟ್ ಹಲ್ಲಿಗೆಂದು ಮಾಡಿದ್ದು, ಮುಖಕ್ಕೆ ಉರಿ ಅಷ್ಟೇ. ಮನೆಯಲ್ಲಿ ಯಾರೂ ಅನುಮಾನಿಸದ ಒಂದು ಕಾರಣವೂ ಇದೆ, ತಲೆಗೆ ಹಚ್ಚುವ ಎಣ್ಣೆ. ಕೂದಲಿನ ಎಣ್ಣೆ, ಪೊಮೇಡುಗಳಿಂದ ಹಣೆಯಂಚಿನಲ್ಲಿ ಸಾಲು ಗುಳ್ಳೆ ಏಳುವುದನ್ನು ಚರ್ಮತಜ್ಞರು 1970ರಲ್ಲೇ ದಾಖಲಿಸಿದ್ದಾರೆ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಸುರಿದು ಬಾಚಿ ಶಾಲೆಗೆ ಕಳಿಸುವ ತಾಯಂದಿರು ಅದನ್ನು ತಲೆ ತೊಳೆಯುವ ಹಿಂದಿನ ತಾಸಿಗೆ ಸರಿಸಿದರೆ ಹಣೆಗೆ ಉಪಕಾರ.

ಮಿರ್ಚಿ, ಗಿರ್ಮಿಟ್‌ಗಳ ಮೇಲಿನ ಆರೋಪವೂ ವಿಚಾರಣೆಗೆ ಬರಲಿ. ಕರಿದ ತಿಂಡಿಯ ಎಣ್ಣೆ ನೇರವಾಗಿ ಮುಖಕ್ಕೆ ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹಾಗೆಂದು ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎಂದು ದಶಕಗಟ್ಟಲೆ ಹೇಳುತ್ತ ಬಂದದ್ದೂ ಸರಿಯಲ್ಲ. ಆ ಮಾತಿಗೆ ಆಧಾರವಾಗಿದ್ದ 1969ರ ಚಾಕೊಲೇಟ್ ಪ್ರಯೋಗದಲ್ಲಿ 65 ಜನರಿದ್ದರು. ಚಾಕೊಲೇಟ್ ಬದಲಿಗೆ ಕೊಟ್ಟ ಹುಸಿ ಮಿಠಾಯಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಅಷ್ಟೇ ಕೊಬ್ಬು ಇತ್ತು. ವ್ಯತ್ಯಾಸ ಕಾಣಲಿಲ್ಲ ಎಂದರೆ ಅಚ್ಚರಿಯೇನು! ಪಪುವಾ ನ್ಯೂಗಿನಿಯ ಕಿಟಾವ ದ್ವೀಪದಲ್ಲಿ ಗೆಣಸು, ಕೆಸು, ಹಣ್ಣು, ತೆಂಗು, ಮೀನು ತಿಂದು ಬದುಕುವ ಸುಮಾರು 1200 ಜನರನ್ನು ನೋಡಿದ ಸಂಶೋಧಕರಿಗೆ ಒಂದೂ ಮೊಡವೆ ಕಾಣಲಿಲ್ಲ ಎಂದು 2002ರಲ್ಲಿ ವರದಿಯಾಯಿತು. ಅದಕ್ಕೆ ಊಟವೊಂದೇ ಕಾರಣವೆಂದು ಹೇಳಲಾಗದು. ಆದರೂ ಆಸ್ಟ್ರೇಲಿಯಾದಲ್ಲಿ 43 ಯುವಕರ ಮೇಲೆ ನಡೆದ 2007ರ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ಒಮ್ಮೆಲೇ ಏರಿಸದ ಊಟ ಮಾಡಿದವರ ಗುಳ್ಳೆ 12 ವಾರದಲ್ಲಿ ಹೆಚ್ಚು ಇಳಿದವು. ಮೊಡವೆಯ ಹುಡುಗ ಮಿರ್ಚಿಗಿಂತ ಮೊದಲು ಕೈಬಿಡಬೇಕಾದದ್ದು ಬಾಟಲಿಯ ಸಿಹಿ ಪಾನೀಯ, ಬೇಕರಿಯ ಸಿಹಿ. ಗರಡಿ ಬಿಟ್ಟು ಜಿಮ್ ಸೇರಿದ ಹುಡುಗರಲ್ಲಿ ಡಬ್ಬಿಯ ವೇ ಪ್ರೋಟೀನ್ ಶುರುಮಾಡಿದ ಮೇಲೆ ಮೊಡವೆ ಎದ್ದ ಉದಾಹರಣೆಗಳನ್ನೂ ಡಾಕ್ಟರರು ದಾಖಲಿಸಿದ್ದಾರೆ.

ಹಚ್ಚುವ ಔಷಧಕ್ಕೆ ಮೊಡವೆ 12 ವಾರದಲ್ಲಿ ಬಗ್ಗದಿದ್ದರೆ, ಎದೆ ಬೆನ್ನಿಗೂ ಹಬ್ಬಿದ್ದರೆ, ಒಳಗೆ ಗಟ್ಟಿ ಗಂಟು ಕಟ್ಟಿ ನೋಯುತ್ತಿದ್ದರೆ ಕಾಯಬಾರದು. ಗದಗಿನ ಮಲ್ಲಸಮುದ್ರದಲ್ಲಿರುವ ಜಿಮ್ಸ್ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲೋ ಚರ್ಮದ ವಿಭಾಗಕ್ಕೆ ತೋರಿಸಬೇಕು. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಒಯ್ಯುವುದು ಒಳ್ಳೆಯದು. "ಬಿಳೀ ಟ್ಯೂಬ್ ರೀ, ಕೆಂಪು ಮುಚ್ಚಳದ್ದು" ಎಂದರೆ ಯಾವ ಡಾಕ್ಟರರಿಗೂ ಗೊತ್ತಾಗದು. ಹುಡುಗಿಗೆ ಮುಟ್ಟು ಏರುಪೇರಾಗಿ ಗದ್ದದ ಮೇಲೆ ಕೂದಲು ಬರುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಬೇಕು. ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ಡಾಕ್ಟರರು ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಬಹುದು, ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಸಾಮಾನ್ಯವಾಗಿ ಬೇಡ, ಹಚ್ಚುವ ಔಷಧದ ಜೊತೆಗೇ ಬೇಕು. ತುಂಬು ಲೋಟ ನೀರಿನೊಂದಿಗೆ ನುಂಗಿ, ತಕ್ಷಣ ಮಲಗದೆ ಇರಬೇಕು, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾದೀತು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಹೊಲದ ಕೆಲಸ ಇರುವ ಮಕ್ಕಳು ಇದನ್ನು ಮೊದಲೇ ಹೇಳಬೇಕು. ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚುವುದು ಬ್ಯಾಕ್ಟೀರಿಯಾವನ್ನು ಮೊಂಡು ಮಾಡುವ ದಾರಿ.

ಎಲ್ಲಕ್ಕಿಂತ ಬಲವಾದ ಮಾತ್ರೆ ಐಸೊಟ್ರೆಟಿನಾಯಿನ್. ಗಂಟು ಮೊಡವೆಯ 14 ರೋಗಿಗಳಲ್ಲಿ 13 ಜನರ ಮುಖ ಪೂರ್ತಿ ತಿಳಿಯಾಯಿತು ಎಂದು ಗ್ಯಾರಿ ಪೆಕ್ ಮತ್ತು ಜೊತೆಗಾರರು 1979ರಲ್ಲಿ ಬರೆದಾಗ ಚರ್ಮತಜ್ಞರು ಬೆರಗಾದರು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ತೂಕದ ಲೆಕ್ಕದಲ್ಲಿ ನಾಲ್ಕರಿಂದ ಆರು ತಿಂಗಳ ಕೋರ್ಸು, ಹೆಚ್ಚಿನವರಿಗೆ ಬಹುಕಾಲದ ಬಿಡುಗಡೆ. ತುಟಿ ಒಡೆಯುವುದು ಹೆಚ್ಚುಕಡಿಮೆ ಎಲ್ಲರಿಗೂ ಬರುವ ಕಾಟ. ಲಿವರ್, ಕೊಬ್ಬಿನ ರಕ್ತಪರೀಕ್ಷೆ ಆಗಬೇಕು, ಮನಸ್ಸು ಕುಗ್ಗಿದಂತೆ ಕಂಡರೆ ಹೇಳಬೇಕು. ಬಸಿರಿನಲ್ಲಿ ಇದನ್ನು ನುಂಗಿದರೆ ಮಗುವಿಗೆ ಭೀಕರ ಅಂಗವೈಕಲ್ಯ ಬರಬಹುದು. ಮಾತ್ರೆ ನಡೆಯುವಾಗಲೂ ನಿಲ್ಲಿಸಿದ ಒಂದು ತಿಂಗಳೂ ಬಸಿರು ನಿಲ್ಲಕೂಡದು. ಅಕ್ಕನಿಗೆ ಬರೆದ ಚೀಟಿ ತೋರಿಸಿ ತಂಗಿಗೆ ತರುವ ಔಷಧ ಇದಲ್ಲ.

"ಮೊಡವಿ ಮಾರಿ" ಎಂದು ಶಾಲೆಯಲ್ಲಿ ಹೆಸರಿಟ್ಟದ್ದಕ್ಕೆ ಫೋಟೊಗೆ ನಿಲ್ಲದ, ಜಾತ್ರೆಗೆ ಬರಲೊಲ್ಲದ ಮಕ್ಕಳಿದ್ದಾರೆ. ಅದನ್ನು ಸೊಕ್ಕು ಎಂದು ಬೈಯುವ ಮನೆಗಳೂ ಇವೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. ಮನಸ್ಸು ತೀರ ಕುಗ್ಗಿದ್ದರೆ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಖರ್ಚಿಲ್ಲ.

ಮುಖ ತಿಳಿಯಾದ ಮೇಲೂ ಅಡಾಪಲಿನ್ ಕೆಲವು ತಿಂಗಳು ಮುಂದುವರಿಯಬೇಕು. ಕೂಡಲೇ ಬಿಟ್ಟರೆ ಬಿರಡೆಗಳು ಮತ್ತೆ ಕಟ್ಟುತ್ತವೆ. ಉಳಿಯುವ ಗುರುತುಗಳಲ್ಲಿ ಎರಡು ಬಗೆ. ನಮ್ಮ ಚರ್ಮದಲ್ಲಿ ಎದ್ದು ಕಾಣುವ ಕಪ್ಪು ಕಲೆ ಬಿಸಿಲು ತಪ್ಪಿಸಿದರೆ ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ, ಅಡಾಪಲಿನ್ ಅದಕ್ಕೂ ನೆರವಾಗುತ್ತದೆ. ಗುಳ್ಳೆ ಹಿಚುಕಿದ್ದರಿಂದ, ಗಂಟು ಮೊಡವೆಯನ್ನು ಚಿಕಿತ್ಸೆಯಿಲ್ಲದೆ ಬಿಟ್ಟಿದ್ದರಿಂದ ಬಿದ್ದ ಕುಳಿ ಯಾವ ಕ್ರೀಮಿಗೂ ತುಂಬುವುದಿಲ್ಲ. ಅದಕ್ಕೆ ಸೂಜಿರೋಲರ್, ಲೇಸರ್‌ನಂಥ ವಿಧಾನಗಳಿವೆ. ಖರ್ಚಿನವು, ಹಲವು ಸಲ ಹೋಗಬೇಕಾದವು, ಮತ್ತು ಹೊಸ ಗುಳ್ಳೆ ಏಳುವುದು ಪೂರ್ತಿ ನಿಂತ ಮೇಲಷ್ಟೇ ಡಾಕ್ಟರರು ಅವುಗಳಿಗೆ ಕೈ ಹಾಕುತ್ತಾರೆ.